ಗಡಿಗೆ ಇಟ್ಟ ಕೋಣೆಯೇ ಭಂಡಾರ

ಪ್ರಶ್ನೆ: ನಮ್ಮ ಮನೆಯ ಹಳೆ ಪಾಲುಪತ್ರದಲ್ಲಿ ಅಡುಗೆಮನೆ ಪಕ್ಕದ ಕತ್ತಲೆ ಕೋಣೆಯನ್ನು ‘ಭಂಡಾರದ ಕೋಣೆ’ ಅಂತ ಬರೆದಿದ್ದಾರೆ. ಅಲ್ಲಿ ಅಕ್ಕಿ, ಬೇಳೆ, ಉಪ್ಪಿನಕಾಯಿ ಭರಣಿ ಬಿಟ್ಟರೆ ಏನೂ ಇರಲಿಲ್ಲವಂತೆ. ಭಂಡಾರ ಅಂದರೆ ಖಜಾನೆ ಅಲ್ವಾ?

ಉತ್ತರ: ಪತ್ರ ಬರೆದವರು ಸರಿಯಾಗೇ ಬರೆದಿದ್ದಾರೆ. ಈ ಪದದ ಹೊಟ್ಟೆಯಲ್ಲಿರುವುದು ಹಣ ಅಲ್ಲ, ಪಾತ್ರೆ. ಸಂಸ್ಕೃತದ ‘ಭಾಂಡಾಗಾರ’ ಬಾಯಲ್ಲಿ ಸವೆದು ಸವೆದು ಭಂಡಾರ ಆಯಿತು. ಭಾಂಡ ಅಂದರೆ ಪಾತ್ರೆ, ಗಡಿಗೆ. ಆಗಾರ ಅಂದರೆ ಮನೆ. ಕಾರಾಗಾರದಲ್ಲಿರುವುದೂ ಅದೇ ಆಗಾರ. ಉತ್ತರ ಕರ್ನಾಟಕದ ಕಡೆ ಊಟ ಆದ ಮೇಲೆ ‘ಭಾಂಡೆ ತಿಕ್ಕಬೇಕು’ ಅಂತಾರಲ್ಲ, ಆ ಭಾಂಡೆಯೂ ಇದರ ನೆಂಟನೇ. (ಭಂಡತನಕ್ಕೂ ಇದಕ್ಕೂ ಸುಮ್ನೆ ಗಂಟು ಹಾಕಬೇಡಿ.)

ಹಳೇ ಮನೆಗಳಲ್ಲಿ ಅಡಕಲು ಗಡಿಗೆ ನೋಡಿದವರಿಗೆ ಖಜಾನೆಯ ಅರ್ಥ ಎಲ್ಲಿಂದ ಬಂತು ಅಂತ ಜಾಸ್ತಿ ಹೇಳಬೇಕಿಲ್ಲ. ತಳದಲ್ಲಿ ದೊಡ್ಡ ಗಡಿಗೆ, ಅದರ ಮೇಲೆ ಸ್ವಲ್ಪ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು, ಹೀಗೆ ಸೂರು ಮುಟ್ಟುವಷ್ಟು. ಒಂದರಲ್ಲಿ ರಾಗಿ, ಒಂದರಲ್ಲಿ ಹುರುಳಿ, ಎಲ್ಲೋ ಒಂದರ ತಳದಲ್ಲಿ ಬಟ್ಟೆಗಂಟಿನಲ್ಲಿ ನಾಲ್ಕು ಕಾಸು. ಮನೆಯ ಆಸ್ತಿ ಎಲ್ಲ ಇದ್ದದ್ದು ಅಲ್ಲೇ. ಅರಮನೆಯಲ್ಲೂ ಇದೇ ಹೆಸರು, ಗಾತ್ರ ಮಾತ್ರ ದೊಡ್ಡದು. 12ನೇ ಶತಮಾನದಲ್ಲಿ ಕಲ್ಯಾಣದ ಬಿಜ್ಜಳನ ಹತ್ತಿರ ಬಸವಣ್ಣನವರು ಭಂಡಾರಿ ಆಗಿದ್ದರು ಅಂತ ಓದಿದ್ದೀರಿ, ಅಲ್ವಾ? ಕರಾವಳಿಯಲ್ಲಿ ದೈವದ ಒಡವೆ, ಆಯುಧಗಳಿಗೆ ಭಂಡಾರ ಅಂತಾರೆ. ಮೈಲಾರಲಿಂಗನ ಭಕ್ತರಿಗೆ ಅದು ಅರಿಸಿನದ ಪುಡಿ.

ಇದರ ತಮ್ಮ ಒಬ್ಬನಿದ್ದಾನೆ, ಕೊಟ್ಟಾರ. ‘ಕೋಷ್ಠಾಗಾರ’ ಸವೆದು ಆದದ್ದು, ಅರ್ಥ ಧಾನ್ಯದ ಕೋಣೆ. ಕೋಷ್ಠ ಅಂದರೆ ಒಳಕೋಣೆಯೂ ಹೌದು, ಹೊಟ್ಟೆಯೂ ಹೌದು. ಈ ಜೋಡಿ ನನಗೆ ತುಂಬಾ ಇಷ್ಟ: ಕಾಳು ಇಡೋ ಜಾಗ ಯಾವುದಾದರೇನು! ಇದೇ ಮಾತು ಮಲಯಾಳದಲ್ಲಿ ‘ಕೊಟ್ಟಾರಂ’ ಆಗಿ ಅರಮನೆಯಾಗಿ ಕೂತಿದೆ. ನಮ್ಮಲ್ಲಿ ಅಕ್ಕಿಮೂಟೆ, ಅಲ್ಲಿ ಮಹಾರಾಜರು.

ನಿಮ್ಮ ಮನೆಯ ಕೋಣೆಗೆ ಉಗ್ರಾಣ ಅಂತಲೂ ಬರೆಯಬಹುದಿತ್ತು, ಮದುವೆಮನೆಯಲ್ಲಿ, ದೇವಸ್ಥಾನದಲ್ಲಿ ಈಗಲೂ ಓಡಾಡುವ ಮಾತು ಅದೇ. ಆದರೆ ಪಾಲುಪತ್ರದಲ್ಲಿ ‘ಭಂಡಾರ’ಕ್ಕೆ ತೂಕ ಜಾಸ್ತಿ. ಅಂದಹಾಗೆ, ಆ ಕೋಣೆ ಕೊನೆಗೆ ಯಾರ ಪಾಲಿಗೆ ಬಂತು, ಅದನ್ನು ನೀವು ಬರೆಯಲೇ ಇಲ್ಲ.