ಹಡಗು, ಯಂತ್ರ ನೋಡಲು ಬೆಳಗಾವಿಯಿಂದ ಎಲ್ಲಿಗೆ?

ಎಂಟನೇ ಕ್ಲಾಸಿನ ಮಗನಿಗೆ ಹಡಗು, ಯಂತ್ರ ಅಂದ್ರೆ ಹುಚ್ಚು, ಬೆಳಗಾವಿಯಿಂದ ಎಲ್ಲಿಗೆ ಕರ್ಕೊಂಡು ಹೋಗಲಿ ಅಂತ ಕೇಳಿದ್ದೀರಿ. ಕಣ್ಣು ಮುಚ್ಚಿ ಕಾರವಾರಕ್ಕೆ ಹೋಗಿ. ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಇದೆ, 2006ರಿಂದ ಮ್ಯೂಸಿಯಂ ಆಗಿರುವ ನಿಜವಾದ ಯುದ್ಧನೌಕೆ. 1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿದ್ದು ಇದೇ ಅಂತ ತುಂಬಾ ಜನ ಹೇಳ್ತಾರೆ, ಆದರೆ ಇದು ನೌಕಾಪಡೆ ಸೇರಿದ್ದು 1976ರಲ್ಲಿ, ದಾಳಿ ಮಾಡಿದ್ದು ಇದೇ ಜಾತಿಯ ಹಳೆಯ ದೋಣಿಗಳು. ಮಗನಿಗೆ ಸರಿಯಾಗಿ ಹೇಳಿ. ಡೆಕ್ ಮೇಲೆ ಎರಡೂ ಬದಿಗೆ ಕ್ಷಿಪಣಿಯ ದಪ್ಪ ಗೂಡುಗಳಿವೆ, ಒಟ್ಟು ನಾಲ್ಕು. ಇಷ್ಟು ಚಿಕ್ಕ ದೋಣಿ ಅಷ್ಟು ಭಾರ ಹೊತ್ತು ಓಡುತ್ತಿತ್ತಾ ಅಂತ ಆಶ್ಚರ್ಯ ಆಗುತ್ತದೆ. ಒಳಗಿನ ಕೋಣೆಗಳನ್ನೂ ತೋರಿಸಿ, ನಾವಿಕರು ಎಷ್ಟು ಇಕ್ಕಟ್ಟಿನಲ್ಲಿ ಬದುಕುತ್ತಿದ್ದರು ಅಂತ ಆಗ ಗೊತ್ತಾಗೋದು.

ಅಷ್ಟು ದೂರ ಆಗಲ್ಲ ಅಂದ್ರೆ ನಮ್ಮ ಗೋಕಾಕ ಫಾಲ್ಸ್ ಇದೆಯಲ್ವಾ. ಎಲ್ಲರೂ ಜಲಪಾತ ನೋಡಿ ವಾಪಸ್ ಬರ್ತಾರೆ, ಪಕ್ಕದಲ್ಲೇ 19ನೇ ಶತಮಾನದ ಹತ್ತಿ ಗಿರಣಿ ನಿಂತಿದೆ. ಘಟಪ್ರಭೆ ಸುಮಾರು 52 ಮೀಟರ್ ಧುಮುಕುವ ಆ ಎತ್ತರವೇ ಗಿರಣಿಗೆ ಶಕ್ತಿ ಕೊಟ್ಟಿದ್ದು. ಮಳೆಗಾಲದಲ್ಲಿ ಹೋದರೆ ನೀರಿನ ಜೋರು ಅವನಿಗೆ ತಾನಾಗಿಯೇ ಅರ್ಥ ಆಗುತ್ತದೆ.