ಅಂಗಳದ ಮರ ಇಳಿಸಲು ಯಾರನ್ನು ಕರೆಯಬೇಕು?

ಪ್ರಶ್ನೆ: ಮನೆ ಹಿಂದೆ 50 ಅಡಿಯಷ್ಟು ಎತ್ತರದ ಸಿಲ್ವರ್ (ಸಿಲ್ವರ್ ಓಕ್) ಮರವಿದೆ. ಗೋಡೆಗೂ ಅದಕ್ಕೂ 8 ಅಡಿ ಅಂತರ, ಒಂದು ಪಕ್ಕ ಕರೆಂಟ್ ತಂತಿ. ಕಾಫಿ ತೋಟದಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುವ ಒಬ್ಬರು "ಅರ್ಧ ದಿನದ ಕೆಲಸ, ಕೂಲಿ ಬೇಡ, ಮರ ನನಗಿರಲಿ" ಎನ್ನುತ್ತಾರೆ. ಇನ್ನೊಬ್ಬರು ಮೂರು ಆಳು, ಎರಡು ದಿನ ಎಂದು ಹಣ ಕೇಳುತ್ತಿದ್ದಾರೆ. ಯಾರಿಗೆ ಒಪ್ಪಿಸಲಿ?
– ಓದುಗರು, ಹಾಸನ

ಉತ್ತರ: ಇಬ್ಬರೂ ಮರ ಹತ್ತಬಲ್ಲವರೇ ಇರಬಹುದು. ಕಡಿದದ್ದನ್ನು ಕೆಳಗೆ ಹೇಗೆ ಇಳಿಸುತ್ತೀರಿ ಎಂದು ಇಬ್ಬರನ್ನೂ ಕೇಳಿ, ಅಲ್ಲೇ ಅರ್ಧ ತೀರ್ಮಾನವಾಗುತ್ತದೆ. ತೋಟದಲ್ಲಿ ಕೊಂಬೆ ಬಿದ್ದರೆ ಹೆಚ್ಚೆಂದರೆ ನಾಲ್ಕು ಕಾಫಿ ಗಿಡದ ರೆಕ್ಕೆ (ಅಡ್ಡ ಕೊಂಬೆ) ಮುರಿಯುತ್ತದೆ. ನಿಮ್ಮಲ್ಲಿ ಹೆಂಚು, ಕಾಂಪೌಂಡು, ತಂತಿ ಎಲ್ಲವೂ ಅದರ ಕೆಳಗೇ ಇವೆ. 8 ಅಡಿ ಜಾಗದಲ್ಲಿ 50 ಅಡಿ ಮರವನ್ನು ಬುಡಕ್ಕೆ ಕೊಯ್ದು ಬೀಳಿಸುವ ಮಾತೇ ಬೇಡ. ತುದಿಯಿಂದ ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸಬೇಕು.

ಕ್ರಮ ಹೀಗೆ: ಕೊಯ್ಯುವ ತುಂಡಿಗೆ ಮೊದಲೇ ಹಗ್ಗ ಬಿಗಿದು, ಅದನ್ನು ಗಟ್ಟಿ ಕವಲಿನ ಮೇಲೆ ಹಾಯಿಸಿ ಕೆಳಗೆ ತರುತ್ತಾರೆ. ನೆಲದ ಮೇಲಿನ ಆಳು ಅದನ್ನು ಬೊಡ್ಡೆಗೆ ಎರಡು ಮೂರು ಸುತ್ತು ಸುತ್ತಿ ನಿಧಾನಕ್ಕೆ ಸಡಿಲಿಸುತ್ತಾನೆ. ಭಾರ ತಡೆಯುವುದು ಆ ಸುತ್ತು, ಕೈಯಲ್ಲ. ಒಂದಡಿ ದಪ್ಪ, ನಾಲ್ಕಡಿ ಉದ್ದದ ಹಸಿ ತುಂಡೇ 60 ಕೆ.ಜಿ. ದಾಟುತ್ತದೆ, ಬರಿಗೈಯಲ್ಲಿ ಹಿಡಿದವನ ಅಂಗೈ ಸುಲಿಯುತ್ತದೆ, ಇಲ್ಲವೇ ಅವನೇ ಮೇಲೆ ಹಾರುತ್ತಾನೆ. ಸಿಲ್ವರ್ ಮರದ ಕೊಂಬೆಗಳು ಪಟ್ಟನೆ ಮುರಿಯುವ ಜಾತಿ. ಹಾಗಾಗಿ ಹಗ್ಗ ಹಾಯಿಸುವ ಕವಲು ನಡುಕಾಂಡಕ್ಕೆ ಅಂಟಿಕೊಂಡೇ ಇರಬೇಕು. ಈ ಕೆಲಸ ಮೂವರಿಗೆ ಕಡಿಮೆ ಆಗದು: ಮೇಲೊಬ್ಬ, ಹಗ್ಗಕ್ಕೊಬ್ಬ, ಬಿದ್ದದ್ದನ್ನು ಎಳೆದು ಜಾಗ ಬಿಡಿಸಲು ಒಬ್ಬ. ಮೇಲಿನವನು ಸೊಂಟದ ಬೆಲ್ಟನ್ನು ಮರಕ್ಕೆ ಬಿಗಿದುಕೊಳ್ಳದೆ ಒಂದೇ ಕೈಯಲ್ಲಿ ಗರಗಸದ ಮಿಷನ್ ಹಿಡಿದು ಕೊಯ್ಯುತ್ತಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ.

ತಂತಿಯ ವಿಷಯದಲ್ಲಿ ಧೈರ್ಯದ ಮಾತು ಕೇಳಬೇಡಿ. ವಿದ್ಯುತ್ ಕಂಪನಿಗೆ (ಹಾಸನದಲ್ಲಿ ಸೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ) ಮೊದಲೇ ಅರ್ಜಿ ಕೊಟ್ಟು, ಲೈನ್‌ಮ್ಯಾನ್ ಬಂದು ಲೈನ್ ಆಫ್ ಮಾಡಿದ ಮೇಲೆಯೇ ಆ ಪಕ್ಕದ ಕೊಂಬೆ ಮುಟ್ಟಲಿ. ಹಸಿ ಕೊಂಬೆಯಲ್ಲಿ ಕರೆಂಟು ಹರಿಯುತ್ತದೆ.

ಇನ್ನು "ಕೂಲಿ ಬೇಡ" ಎಂಬುದರ ಲೆಕ್ಕ. ದಿಮ್ಮಿಯ ನಡುವಿನ ಸುತ್ತಳತೆಯನ್ನು ಅಡಿಯಲ್ಲಿ ಅಳೆದು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ. ಸುತ್ತಳತೆ 4 ಅಡಿ, ಉದ್ದ 20 ಅಡಿ ಇದ್ದರೆ 20 ಘನ ಅಡಿ. (ಇದು ವ್ಯಾಪಾರದ ಲೆಕ್ಕ, ನಿಜವಾದ ಗಾತ್ರ ಇದಕ್ಕಿಂತ ಕಾಲು ಪಾಲಿಗೂ ತುಸು ಹೆಚ್ಚೇ.) ಹತ್ತಿರದ ಸಾ ಮಿಲ್ಲಿನಲ್ಲಿ ಘನ ಅಡಿಗೆ ಏನು ದರ ಎಂದು ಕೇಳಿ, ಎರಡನೆಯವರ ಕೂಲಿಯ ಪಕ್ಕದಲ್ಲಿಟ್ಟು ನೋಡಿ. ಬಟ್ಟೆ ಒಣಗಿಸಲು ಹೊಡೆದ ಮೊಳೆ ಒಳಗಿದ್ದರೆ ಮಿಲ್ಲಿನವರು ದರ ಇಳಿಸುತ್ತಾರೆ. ಒಪ್ಪಿದ್ದೆಲ್ಲ ಚೀಟಿಯಲ್ಲಿರಲಿ: ಸೊಪ್ಪು ಸದೆ ಯಾರು ಸಾಗಿಸಬೇಕು, ಬೊಡ್ಡೆ ಎಷ್ಟು ಎತ್ತರಕ್ಕೆ ಬಿಡಬೇಕು, ಹೆಂಚು ಒಡೆದರೆ ಯಾರ ಖರ್ಚು, ಆಳುಗಳಿಗೆ ಅಪಘಾತ ವಿಮೆ ಇದೆಯೇ. ಪೂರ್ತಿ ಹಣ ಮುಂಗಡ ಕೊಡಬೇಡಿ.

ನೀವು ಹೇಳಿದ್ದರಲ್ಲಿ ಎರಡನೆಯವರ ಮಾತೇ ಕೆಲಸ ಗೊತ್ತಿರುವವರ ಮಾತಿನ ಹಾಗಿದೆ.

ಅನುಮತಿ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್, ತೆಂಗು, ನೀಲಗಿರಿಯಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಬೇರೆ ಮರವಾದರೆ ಕಡಿಯುವ ಮುನ್ನ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಗಂಧ, ಬೀಟೆಗಳನ್ನಂತೂ ಕೇಳದೆ ಮುಟ್ಟಲೇಬೇಡಿ. ಅಪಾಯದ ಮರವೆಂದು ಅರ್ಜಿ ಹಾಕುವಾಗ ಫೋಟೋ ಲಗತ್ತಿಸಿ.

ಪ್ರಶ್ನೆ: ಮಳೆಗಾಲದ ಗಾಳಿಗೆ ಮುಂಚೆ ಮಾವಿನ ಮರದ ತಲೆ ಹಾರಿಸಿಬಿಡಿ ಎನ್ನುತ್ತಾರೆ. ಸರಿಯೇ? ಕಡಿದಲ್ಲಿ ಡಾಂಬರು ಬಳಿಯಬೇಕೇ?
– ಓದುಗರು, ಚಿಕ್ಕಮಗಳೂರು

ಉತ್ತರ: ತಲೆ ಹಾರಿಸಿದ ಮರ ಮೊದಲ ವರ್ಷ ಹಗುರಾಗಿ ಕಾಣುತ್ತದೆ. ಆಮೇಲೆ ಆ ಬೋಳು ತುದಿಯಿಂದ ಹತ್ತಾರು ಚಿಗುರು ಎದ್ದು ನಾಲ್ಕೈದು ವರ್ಷದಲ್ಲಿ ಕೊಂಬೆಗಳಾಗುತ್ತವೆ. ಅವು ತೊಗಟೆಯ ಅಂಚಿಗಷ್ಟೇ ಅಂಟಿಕೊಂಡಿರುತ್ತವೆ, ಒಳಗಿನ ದಿಮ್ಮಿಯಲ್ಲಿ ನಾಟಿರುವುದಿಲ್ಲ; ಕಡಿದ ತುದಿ ಕೊಳೆಯುತ್ತಾ ಬರುತ್ತದೆ. ಗಾಳಿಗೆ ಮೊದಲು ಕಿತ್ತು ಬೀಳುವುದೇ ಅವು. ಇದರ ಬದಲು ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಛಾವಣಿ ಮೇಲೆ ಚಾಚಿದ್ದನ್ನು ಮಾತ್ರ ತೆಗೆಸಿ. ಒಂದು ವರ್ಷದಲ್ಲಿ ಹಸಿರಿನ ಕಾಲು ಭಾಗ ದಾಟಬೇಡಿ.

ದಪ್ಪ ಕೊಂಬೆಗೆ ಮೂರು ಕೊಯ್ತ. ಮೊದಲನೆಯದು ಕಾಂಡದಿಂದ ಒಂದಡಿ ಆಚೆ, ಕೊಂಬೆಯ ಕೆಳಗಿನಿಂದ ಅದರ ದಪ್ಪದ ಕಾಲು ಭಾಗ ಮೇಲಕ್ಕೆ. ಅದಕ್ಕಿಂತ ಎರಡಿಂಚು ಆಚೆ ಮೇಲಿನಿಂದ ಪೂರ್ತಿ. ಉಳಿದ ಮೋಟನ್ನು ಕೊನೆಗೆ. ಮೊದಲ ಕೊಯ್ತ ಬಿಟ್ಟರೆ ಕೊಂಬೆ ತನ್ನ ಭಾರಕ್ಕೆ ಕಾಂಡದ ತೊಗಟೆಯನ್ನು ಉದ್ದಕ್ಕೂ ಸೀಳಿಕೊಂಡು ಬೀಳುತ್ತದೆ. ಕೊನೆಯದು ಕೊಂಬೆಯ ಬುಡದಲ್ಲಿರುವ ಉಬ್ಬಿನ ಹೊರಗೇ ಇರಬೇಕು, ಏಕೆಂದರೆ ಗಾಯ ಮುಚ್ಚುವ ತೊಗಟೆ ಬೆಳೆಯುವುದು ಆ ಉಬ್ಬಿನಿಂದ. ಕಾಂಡಕ್ಕೆ ಸಮನಾಗಿ ನುಣ್ಣಗೆ ಕೊಯ್ದರೆ ಅದೂ ಹೋಗುತ್ತದೆ. ನೋಡಲು ಅಂದ, ಮರಕ್ಕೆ ಕೇಡು.

ಡಾಂಬರು, ಪೇಂಟು ಬೇಡ. ತೇವ ಒಳಗೇ ಉಳಿಯುತ್ತದೆ. ಬಳಿಯಲೇಬೇಕೆಂದರೆ ಬೋರ್ಡೋ ಪೇಸ್ಟ್ ಸಾಕು: 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಲ್ಲಿ ಕರಗಿಸಿ, ಎರಡನ್ನೂ ಒಟ್ಟಿಗೆ ಮೂರನೇ ಪಾತ್ರೆಗೆ ಸುರಿಯುತ್ತಾ ಕಲಕಿ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು, ಕಬ್ಬಿಣದ್ದು ಬೇಡ. ಅಂದು ಕಲಸಿದ್ದನ್ನು ಅಂದೇ ಬಳಸಿ.

ಪ್ರಶ್ನೆ: ತೆಂಗಿನ ಮರ ಮನೆ ಕಡೆ ವಾಲಿದೆ. ಅರ್ಧಕ್ಕೆ ಕಡಿದು ಉಳಿಸಿಕೊಳ್ಳಬಹುದೇ?
– ಓದುಗರು, ಅರಸೀಕೆರೆ

ಉತ್ತರ: ಆಗದು. ತೆಂಗಿಗೆ ಇರುವುದು ಒಂದೇ ಸುಳಿ, ಅದು ಹೋದರೆ ಮರವೇ ಹೋಯಿತು. ಮೊದಲು ವಾಲಿರುವುದು ಹಳೆಯದೋ ಹೊಸದೋ ನೋಡಿ. ಎಳವೆಯಲ್ಲೇ ವಾಲಿದ ಮರ ತುದಿಯಲ್ಲಿ ಮತ್ತೆ ನೆಟ್ಟಗಾಗಿರುತ್ತದೆ, ಹೆದರಬೇಕಿಲ್ಲ. ತುದಿಯವರೆಗೂ ಓರೆಯಾಗಿದ್ದು, ವಾಲಿದ ದಿಕ್ಕಿನ ಎದುರು ಬದಿಯ ಮಣ್ಣು ಬಿರುಕು ಬಿಟ್ಟು ಎದ್ದಿದ್ದರೆ ಬೇರು ಕಿತ್ತುಬರುತ್ತಿದೆ ಎಂದರ್ಥ. ಅಂಥದ್ದನ್ನು ಯಾರೂ ಹತ್ತಬಾರದು. ಕ್ರೇನ್ ತರಿಸಿ, ಅಲ್ಲಿಯವರೆಗೆ ಆ ಕೋಣೆಯಲ್ಲಿ ಮಲಗಬೇಡಿ. ಕಡಿದ ಕಾಂಡವನ್ನು ಹಿತ್ತಲಲ್ಲಿ ಕೊಳೆಯಲು ಬಿಡಬೇಡಿ. ಕುರುವಾಯಿ ದುಂಬಿ ಅದರಲ್ಲೇ ಮರಿ ಮಾಡಿ ಉಳಿದ ತೆಂಗಿನ ಸುಳಿಗೆ ಬೀಳುತ್ತದೆ. ಸೀಳಿ ಒಣಗಿಸಿ ಒಲೆಗೆ ಹಾಕಿ.