ಹೈಸ್ಕೂಲ್ ಗಣಿತ ಟೀಚರ್ ಆಗಬೇಕಾದವರಿಗೆ ರಿಂಗ್ ಥಿಯರಿ, ರಿಯಲ್ ಅನಾಲಿಸಿಸ್ ಎಲ್ಲ ಯಾಕೆ?

ನಿಮ್ಮ ಪ್ರಶ್ನೆ ಇಷ್ಟು: ಬಿಎಸ್ಸಿ ಎರಡನೇ ವರ್ಷದಲ್ಲಿದ್ದೀರಿ. ಮುಂದೆ ಬಿ.ಎಡ್ ಮಾಡಿ ಹೈಸ್ಕೂಲಲ್ಲಿ ಗಣಿತ ಹೇಳಿಕೊಡಬೇಕು ಅಂತ ಆಸೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಯಾರೂ ಗ್ರೂಪು, ರಿಂಗು, ಸೀಕ್ವೆನ್ಸು ಅಂತ ಪಾಠ ಮಾಡುವುದಿಲ್ಲವಲ್ಲ, ಹಾಗಿದ್ದ ಮೇಲೆ ಆ ಪೇಪರ್‌ಗಳನ್ನು ಪಾಸಾಗುವಷ್ಟು ಓದಿಕೊಂಡರೆ ಸಾಲದೇ ಅಂತ ಕೇಳಿದ್ದೀರಿ.

ಸಾಲದು. ನಾನು ಹೈಸ್ಕೂಲಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ಬಿಎಸ್ಸಿಯಲ್ಲಿ ಓದಿದ್ದರಲ್ಲಿ ಕ್ಲಾಸಿನಲ್ಲಿ ನನ್ನ ಕೈ ಹಿಡಿದಿದ್ದು ಜಾಸ್ತಿ ಈ ಎರಡೇ: ಗ್ರೂಪು, ರಿಂಗು ಬರುವ ಆಲ್ಜೀಬ್ರಾ (ಕೂಡುವ, ಗುಣಿಸುವ ನಿಯಮಗಳನ್ನೇ ಬಿಡಿಸಿ ನೋಡುವುದು) ಮತ್ತು ಸೀಕ್ವೆನ್ಸು, ಸರಣಿ ಬರುವ ರಿಯಲ್ ಅನಾಲಿಸಿಸ್. ತೊಂದರೆ ಏನಂದರೆ, ಈ ಪೇಪರ್‌ಗಳಿಗೂ ಶಾಲೆಯ ಪಾಠಕ್ಕೂ ಇರುವ ನಂಟನ್ನು ಕಾಲೇಜಲ್ಲಿ ಸಾಮಾನ್ಯವಾಗಿ ಯಾರೂ ಬಿಡಿಸಿ ಹೇಳುವುದಿಲ್ಲ. ಇದು ಹಳೇ ಕಾಯಿಲೆ. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ 1908ರ ಹೊತ್ತಿಗೇ ಇದನ್ನು ಗುರುತಿಸಿದ್ದರು. ಕಾಲೇಜಿಗೆ ಬಂದ ಹುಡುಗನಿಗೆ ಅಲ್ಲಿನ ಗಣಿತ ಶಾಲೆಯದಕ್ಕೆ ಸಂಬಂಧವೇ ಇಲ್ಲ ಅನಿಸುತ್ತೆ. ಅವನೇ ಟೀಚರ್ ಆದಾಗ ಕಾಲೇಜಿನದನ್ನು ಮರೆತು, ತನಗೆ ಶಾಲೆಯಲ್ಲಿ ಹೇಗೆ ಹೇಳಿಕೊಟ್ಟಿದ್ದರೋ ಹಾಗೇ ಹೇಳಿಕೊಡಲು ಶುರು ಮಾಡುತ್ತಾನೆ. ಎರಡು ಕಡೆಯೂ ಕೊಂಡಿ ಕಳಚಿರುತ್ತೆ. ಅದನ್ನು ನೀವೇ ಹಾಕಿಕೊಳ್ಳಬೇಕು, ಅದೂ ಈಗಲೇ.

ಒಂದು ಉದಾಹರಣೆ ನೋಡಿ. ಮೈನಸ್ ಇಂಟು ಮೈನಸ್ ಪ್ಲಸ್ ಯಾಕೆ ಸಾರ್ ಅಂತ ಎಂಟನೇ ಕ್ಲಾಸಿನ ಮಗು ಕೇಳೇ ಕೇಳುತ್ತೆ. ಸಾಲ, ಆಸ್ತಿ ಅಂತ ಹೇಳಿ ಕೂಡುವುದು, ಕಳೆಯುವುದನ್ನು ದಾಟಿಸಬಹುದು. ಗುಣಾಕಾರಕ್ಕೆ ಬಂದಾಗ ಅದು ಕೈ ಕೊಡುತ್ತೆ. ಸಾಲವನ್ನು ಸಾಲದಿಂದ ಗುಣಿಸಿದರೆ ಆಸ್ತಿ ಹೇಗೆ ಬರುತ್ತೆ? ನಿಯಮವನ್ನೇನೋ ಬ್ರಹ್ಮಗುಪ್ತ 628ರಲ್ಲೇ ಬರೆದಿಟ್ಟಿದ್ದಾನೆ. ಮಗುವಿಗೆ ಬೇಕಿರೋದು ಕಾರಣ. ಹೀಗೆ ಹೇಳಿ ನೋಡಿ: ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆ. ಹಾಗಾಗಿ (–3) × 0 = 0. ಈಗ ಸೊನ್ನೆಯ ಜಾಗದಲ್ಲಿ 2 + (–2) ಹಾಕಿ. ಬಿಡಿಸಿದರೆ (–3) × 2 + (–3) × (–2) = 0. ಮೊದಲನೆಯದು –6 ಅಂತ ಮಗುವಿಗೆ ಆಗಲೇ ಗೊತ್ತು. –6ಕ್ಕೆ ಏನು ಕೂಡಿದರೆ ಸೊನ್ನೆ? 6. ಹಾಗಾದರೆ (–3) × (–2) ಬೇರೆ ಏನೂ ಆಗಲು ಸಾಧ್ಯವೇ ಇಲ್ಲ.

ರಿಂಗ್ ಥಿಯರಿಯ ಮೊದಲ ಪುಟಗಳಲ್ಲಿ ಇದೇ ಪ್ರಮೇಯ ಇದೆ, ಸಂಖ್ಯೆಯ ಬದಲು ಅಕ್ಷರ ಹಾಕಿ. ತೀರಾ ಸುಲಭ ಅಂತ ಎಲ್ಲರೂ ಹಾರಿಸಿಬಿಡುತ್ತಾರೆ. ಹೈಸ್ಕೂಲ್ ಟೀಚರಿಗೆ ಆ ಪೇಪರಿನ ಚಿನ್ನದಂಥ ಪುಟ ಅದೇ.

ಇನ್ನೊಂದು, ನನಗೆ ತುಂಬಾ ಇಷ್ಟವಾದದ್ದು. √2 ಅಭಾಗಲಬ್ಧ ಅಂತ ಸಾಧಿಸುವ ಲೆಕ್ಕ ಹತ್ತನೇ ಕ್ಲಾಸಿನಲ್ಲಿದೆ. ಪರೀಕ್ಷೆಗೆ ಬರುತ್ತೆ ಅಂತ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಅವರಿಗೆ ಇದೇ ಸಾಲುಗಳನ್ನು ಬಳಸಿ √4 ಕೂಡ ಅಭಾಗಲಬ್ಧ ಅಂತ ಸಾಧಿಸಿ ಅಂತ ಹೇಳಿ. ಅರ್ಧ ಕ್ಲಾಸು 2ರ ಜಾಗದಲ್ಲೆಲ್ಲ 4 ಬರೆದು, ಕೊನೆಗೆ 'ವೈರುಧ್ಯ' ಅಂತ ಹಾಕಿ ಮುಗಿಸುತ್ತೆ. ಆಮೇಲೆ ಯಾರೋ ಒಬ್ಬರು 'ಸಾರ್, √4 ಅಂದ್ರೆ 2 ಅಲ್ವಾ' ಅಂತಾರೆ. ಕ್ಲಾಸೆಲ್ಲ ಗದ್ದಲ. ಹಾಗಾದರೆ ತಪ್ಪಿದ್ದು ಯಾವ ಸಾಲಿನಲ್ಲಿ? ಹುಡುಕಲು ಬಿಡಿ. ಸಾಧನೆಯಲ್ಲಿ ಒಂದು ಸಾಲಿದೆ: ಒಂದು ಸಂಖ್ಯೆಯ ವರ್ಗವನ್ನು 2 ಭಾಗಿಸಿದರೆ ಆ ಸಂಖ್ಯೆಯನ್ನೂ ಭಾಗಿಸುತ್ತೆ, ಸರಿ. 4ಕ್ಕೆ ಈ ಗುಣ ಇಲ್ಲ: 36ನ್ನು ಭಾಗಿಸುತ್ತೆ, 6ನ್ನು ಭಾಗಿಸುವುದಿಲ್ಲ. 2 ಅವಿಭಾಜ್ಯ ಅನ್ನೋದು ಆ ಒಂದು ಸಾಲಿನಲ್ಲಿ ಕೆಲಸ ಮಾಡುತ್ತಿದೆ. ಗುಣಲಬ್ಧವನ್ನು ಭಾಗಿಸಿದರೆ ಎರಡರಲ್ಲಿ ಒಂದನ್ನಾದರೂ ಭಾಗಿಸಲೇಬೇಕು ಅನ್ನೋ ಈ ಗುಣವನ್ನೇ ರಿಂಗ್ ಥಿಯರಿಯಲ್ಲಿ ಪ್ರೈಮ್ ಅನ್ನೋದಕ್ಕೆ ವ್ಯಾಖ್ಯೆಯಾಗಿ ಕೊಡುತ್ತಾರೆ. ಅದು ತಲೆಯಲ್ಲಿ ಕೂತಿದ್ದವರಿಗೆ ಮಾತ್ರ ಇಂಥ ಪ್ರಶ್ನೆ ಹೊಳೆಯುತ್ತೆ.

ಇನ್ನು ಅನಾಲಿಸಿಸ್. ಒಂಬತ್ತನೇ ಕ್ಲಾಸಿನಲ್ಲಿ ಆವರ್ತ ದಶಮಾಂಶವನ್ನು ಭಿನ್ನರಾಶಿ ಮಾಡುವುದು ಬರುತ್ತೆ. 0.999… ಅನ್ನು ಹತ್ತರಿಂದ ಗುಣಿಸಿ, ಮೂಲದ್ದನ್ನು ಕಳೆದರೆ, ಅದು 1ಕ್ಕೇ ಸಮ ಅಂತ ಬರುತ್ತೆ. ಮಕ್ಕಳು ಒಪ್ಪುವುದಿಲ್ಲ, ಏನೋ ಮೋಸ ಇದೆ ಅಂತಾರೆ. ಅವರ ಅನುಮಾನ ಸುಮ್ನೆ ಅಲ್ಲ. ಇದೇ ಉಪಾಯವನ್ನು 1 + 2 + 4 + 8 + … ಮೇಲೆ ಮಾಡಿ ನೋಡಿ. ಮೊತ್ತವನ್ನು ಎರಡರಿಂದ ಗುಣಿಸಿದರೆ 2 + 4 + 8 + … , ಅಂದರೆ ಮೊದಲಿನ ಮೊತ್ತಕ್ಕಿಂತ ಒಂದು ಕಮ್ಮಿ. ಹಾಗಾದರೆ ಮೊತ್ತ –1! ಎಲ್ಲ ಧನ ಸಂಖ್ಯೆಗಳನ್ನೇ ಕೂಡಿ ಮೈನಸ್ ಒಂದು. ಒಂದು ಕಡೆ ಸರಿಯಾದ ಉತ್ತರ ಕೊಟ್ಟ ಉಪಾಯ ಇನ್ನೊಂದು ಕಡೆ ಅಸಂಬದ್ಧ ಕೊಟ್ಟಿದ್ದು ಯಾಕೆ ಅಂತ ಕೇಳಿದರೆ, ಉತ್ತರ ಇರೋದು ನೀವು ಈಗ ಓದುತ್ತಿರುವ ಕನ್ವರ್ಜೆನ್ಸ್ (ಸರಣಿ ಒಂದು ಸಂಖ್ಯೆಯತ್ತ ಸಾಗುವುದು) ಪಾಠದಲ್ಲಿ. 0.9, 0.99, 0.999 ಹೀಗೆ ಹೋದಂತೆ 1ಕ್ಕೆ ಉಳಿಯುವ ಅಂತರ ಎಷ್ಟು ಬೇಕಾದರೂ ಚಿಕ್ಕದಾಗುತ್ತೆ. ಇನ್ನೊಂದು ಸರಣಿ ಯಾವ ಸಂಖ್ಯೆಯ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಾಗಿ ಅದಕ್ಕೆ 'ಮೊತ್ತ' ಅಂತ ಹೆಸರಿಟ್ಟು ಲೆಕ್ಕ ಶುರು ಮಾಡಿದ್ದೇ ತಪ್ಪು. ಎಪ್ಸಿಲಾನ್ (ಆ ಚಿಕ್ಕ ಅಂತರಕ್ಕೆ ಪುಸ್ತಕದಲ್ಲಿ ಇಡುವ ಹೆಸರು) ಅನ್ನೋ ಪದವನ್ನು ಮಕ್ಕಳ ಮುಂದೆ ಎತ್ತಬೇಕಾಗಿಯೇ ಇಲ್ಲ. ಆದರೆ ಅದು ಅರ್ಥವಾಗಿರುವ ಟೀಚರ್ ಆ ಅನುಮಾನವನ್ನು ಗದರಿಸಿ ಬಾಯಿ ಮುಚ್ಚಿಸುವುದಿಲ್ಲ.

ಉಳಿದ ಪೇಪರ್‌ಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಲೀನಿಯರ್ ಆಲ್ಜೀಬ್ರಾ ಚೆನ್ನಾಗಿ ಓದಿ, ಎರಡು ಸಮೀಕರಣಗಳಿಗೆ ಒಂದೇ ಪರಿಹಾರ, ಇಲ್ಲವೇ ಇಲ್ಲ, ಅಥವಾ ಲೆಕ್ಕವಿಲ್ಲದಷ್ಟು ಅನ್ನೋ ಹತ್ತನೇ ಕ್ಲಾಸಿನ ಪಾಠ ಪೂರ್ತಿ ಅಲ್ಲಿದೆ. ಪಾರ್ಷಿಯಲ್ ಡಿಫರೆನ್ಷಿಯಲ್ ಈಕ್ವೇಶನ್, ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಇವು ಎಂಎಸ್ಸಿಗೆ ಬೇಕು, ಹೈಸ್ಕೂಲಿಗೆ ನೇರವಾಗಿ ಬರುವುದಿಲ್ಲ.

ಬಿಎಸ್ಸಿ ಸಾಮಾನ್ಯವಾಗಿ ಕೊಡದೇ ಇರುವುದು ಒಂದಿದೆ, ಯೂಕ್ಲಿಡ್‌ನ ರೇಖಾಗಣಿತ. ಎಸ್ಸೆಸ್ಸೆಲ್ಸಿಯಲ್ಲಿ ಥೇಲ್ಸ್, ಪೈಥಾಗೊರಸ್, ಸ್ಪರ್ಶಕದ ಪ್ರಮೇಯಗಳು ಎಷ್ಟು ಮುಖ್ಯ ಅಂತ ನಿಮಗೇ ಗೊತ್ತು. ಡಿಗ್ರಿಯಲ್ಲಿ ಅದರ ಸುದ್ದಿಯೇ ಇರೋದಿಲ್ಲ. ಬಿ.ಎಡ್‌ನ ಎರಡು ವರ್ಷದಲ್ಲೂ ಗಮನ ಬೋಧನೆಯ ಮೇಲೆ ಹೋಗುತ್ತೆ. ಹಾಗಾಗಿ ಇದನ್ನು ಸ್ವಂತವಾಗಿ ಓದಿಕೊಳ್ಳಿ. ಜಿಯೋಜೀಬ್ರಾ ಅನ್ನೋ ಗಣಿತದ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತೆ, ಚಿತ್ರ ಎಳೆದಾಡಿ ನೋಡುತ್ತಾ ಕಲಿಯಲು ಒಳ್ಳೆಯದು.

ಓದುವ ರೀತಿಗೆ ಒಂದೇ ಸಲಹೆ. ಒಂದು ಪ್ರಮೇಯ ಓದಿದ ಮೇಲೆ ಅದರ ಒಂದು ಷರತ್ತನ್ನು ತೆಗೆದುಹಾಕಿ, ಸಾಧನೆಯ ಯಾವ ಸಾಲು ಬೀಳುತ್ತೆ ಅಂತ ಹುಡುಕಿ. √4ರಲ್ಲಿ ಮಾಡಿದ್ದು ಅದೇ. ಆಮೇಲೆ ಸ್ನೇಹಿತರಿಗೆ ಪುಸ್ತಕ ಮುಚ್ಚಿ ಕನ್ನಡದಲ್ಲಿ ವಿವರಿಸಿ. ಎಂಟರಿಂದ ಹತ್ತನೇ ಕ್ಲಾಸಿನ ಪುಸ್ತಕಗಳು ಮೇಜಿನ ಮೇಲೆ ಪಕ್ಕದಲ್ಲೇ ಇರಲಿ. ಸಾಧ್ಯವಾದರೆ ಎಂಟಿಟಿಎಸ್ (ಮ್ಯಾಥಮೆಟಿಕ್ಸ್ ಟ್ರೈನಿಂಗ್ ಅಂಡ್ ಟ್ಯಾಲೆಂಟ್ ಸರ್ಚ್) ಅನ್ನೋ ಗಣಿತದ ಬೇಸಿಗೆ ಶಿಬಿರಕ್ಕೆ ಅರ್ಜಿ ಹಾಕಿ. ಪ್ರೊಫೆಸರ್ ಎಸ್. ಕುಮರೇಶನ್ 1993ರಲ್ಲಿ ಶುರು ಮಾಡಿದ್ದು. ಅಲ್ಲಿ ನೋಟ್ಸ್ ಬರೆಸುವುದಕ್ಕಿಂತ ಪ್ರಶ್ನೆ ಕೇಳಿ ಕೇಳಿ ಯೋಚನೆ ಮಾಡಿಸುವುದೇ ಜಾಸ್ತಿ.

ಆರರಿಂದ ಎಂಟನೇ ಕ್ಲಾಸಿನ ಹುದ್ದೆಗೆ ಟಿಇಟಿಯ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪೇಪರ್ ಬರೆಯಬೇಕು ಅನ್ನೋದು ನೆನಪಿರಲಿ. ಪಿಯು ಉಪನ್ಯಾಸಕರಾಗುವ ಯೋಚನೆಯೂ ಇದ್ದರೆ ಬಿ.ಎಡ್ ಜೊತೆ ಎಂಎಸ್ಸಿ ಬೇಕೇ ಬೇಕು. ನಿಮ್ಮ ಈ ಸೆಮಿಸ್ಟರಿನ ಸಿಲಬಸ್ ಹಾಕಿದರೆ, ಯಾವ ಪಾಠ ಶಾಲೆಯ ಯಾವ ಪಾಠಕ್ಕೆ ಸೇರುತ್ತೆ ಅಂತ ಒಂದೊಂದಾಗಿ ಬರೆದು ಕೊಡುತ್ತೇನೆ.